ಕಡಗಾಲಿಗೆ ಒಂದು ಸಾಲು

ಇಸಬೆಲ್‌ಪಾಳ್ಯ, ಬೆಂಗಳೂರು
ಫೆಬ್ರವರಿ ೩೦, ೨೧೬೮

ದೇಶಕ್ಕೊಂದು ವೃತ್ತಿಪರ ಫುಟ್‌ಬಾಲ್ ಲೀಗ್ ಕಟ್ಟಲು ಕೂತಿರುವ ಮಹನೀಯರಿಗೆ ಇನ್ನಾಸಪ್ಪನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಅನಾಥವಾಗಿ ಬಿದ್ದಿರುತ್ತವೆ. ನನ್ನ ಮಾತೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಇಂಥ ಕಾಗದವನ್ನು ಇಂಗ್ಲಿಷಿನಲ್ಲೇ ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ‘ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್’ ಎಂದು ಶುರು, ಮುಂದಿನದು ಮರೆತಿದೆ. ರೆಸ್ಪೆಕ್ಟ್ ಇದೆ ಅಂತ ತಿಳಿದುಕೊಳ್ಳಿ.

ಇದನ್ನು ನಿಮಗೆ ತಲುಪಿಸುವುದು ಹಿನ್ನಂಚೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಸರ್ಕಾರ ಜೀವಮಾನಕ್ಕೆ ಒಂದೇ ಕಾಗದ ಕೊಡುತ್ತದೆ. ನನ್ನ ರೀತಮ್ಮ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡಳು. ಕೌಂಟರಿನ ಹೆಂಗಸು ವಿಳಾಸ ಓದಿ, “ಏನಣ್ಣಾ, ಎಲ್ಲರೂ ಸತ್ತೋರಿಗೆ ಬರೀತಾರೆ, ನೀವು ಕಮಿಟಿಗೆ ಬರೀತಿದ್ದೀರಲ್ಲ? ಮನೇಲಿ ಅಷ್ಟೊಂದು ಜಗಳ ಇತ್ತಾ?” ಅಂದಳು. ಜಗಳ ಇತ್ತು, ಯಾರ ಮನೆಯಲ್ಲಿಲ್ಲ? ಆದರೆ ಕಾರಣ ಅದಲ್ಲ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ವಯಸ್ಸಾಯಿತು.

ನಮ್ಮಲ್ಲಿ ಆಟ ನಡೆಯುವುದು ಬೆಳಗಿನ ಜಾವ. ಬಿಸಿಲು ಸೈರನ್ ಕೂಗಿದ ಮೇಲೆ ಬಯಲಲ್ಲಿ ನಿಲ್ಲುವಂತಿಲ್ಲ. ಮೈದಾನದ ಮೇಲೆ ನೆರಳುಪರದೆ ಎಳೆದಿರುತ್ತೇವೆ. ಅದರ ಹಗ್ಗ ಹಿಡಿಯುವುದೇ ನನ್ನ ಕೆಲಸವಾಗಿತ್ತು, ಆಡುವಷ್ಟು ಕಾಲು ದೇವರು ಕೊಡಲಿಲ್ಲ. ನೋಡಲು ಬಂದವರಿಗೆ ಚೊಂಬು ಟಿಕೆಟ್: ಮನೆಯಿಂದ ಒಂದು ಚೊಂಬು ನೀರು ತಂದು ಹುಲ್ಲಿಗೆ ಹೊಯ್ದರೆ ಒಳಗೆ ಬಿಡುತ್ತಾರೆ. ಸ್ನಾನ ಮಾಡಿದ ನೀರಾದರೂ ನಡೆಯುತ್ತದೆ, ಹುಲ್ಲು ಕೇಳುವುದಿಲ್ಲ. ಗಂಡು ಹೆಣ್ಣು ಒಂದೇ ತಂಡದಲ್ಲಿ ಆಡುತ್ತಾರೆ. ಅದು ಶುರುವಾದದ್ದು ಹೇಗೋ ಯಾರಿಗೂ ನೆನಪಿಲ್ಲ. ಇನ್ನೊಂದು ಪದ್ಧತಿ ಕಡಗಾಲು. ಎದುರಾಳಿ ತಂಡಕ್ಕೆ ಒಬ್ಬರು ಕಡಮೆ ಬಿದ್ದರೆ ನಮ್ಮವರಲ್ಲೇ ಒಬ್ಬರನ್ನು ಕಡ ಕೊಡುತ್ತೇವೆ. ಅದೂ ಕೈಲಾಗದವರನ್ನಲ್ಲ, ಇದ್ದುದರಲ್ಲಿ ಒಳ್ಳೆಯವರನ್ನು. ಪಕ್ಕದ ಮನೆಗೆ ಸಾರು ಕೊಡುವಾಗ ಯಾರಾದರೂ ಬರೀ ಮೇಲಿನ ತಿಳಿ ಕೊಡುತ್ತಾರೆಯೇ?

ನೀವು ಕಟ್ಟುವ ಲೀಗು ನೀರಿಲ್ಲದ ವರ್ಷಗಳಲ್ಲಿ ನಿಂತುಹೋಯಿತು. ನನಗೆ ಮೀಸೆ ಬಲಿಯುವ ಹೊತ್ತಿಗೆ ಅದನ್ನು ಮತ್ತೆ ಹುಟ್ಟಿಸಿದರು. ಹೊಸ ನಿಯಮ ಬರೆಯುವ ತ್ರಾಣ ಯಾರಿಗೂ ಇರಲಿಲ್ಲ. ನಿಮ್ಮ ನಿಯಮದ ಪುಸ್ತಕವನ್ನೇ ಇದ್ದ ಹಾಗೆ ಎತ್ತಿಕೊಂಡರು. ಮೊದಲ ಪಂದ್ಯ ನಮ್ಮ ಪಾಳ್ಯದಲ್ಲೇ, ಮಡಗಾಂವಿನವರ ಮೇಲೆ. ಅವರ ಒಬ್ಬ ಆಟಗಾರ ತೇಲುರೈಲಿನಲ್ಲಿ ವಾಂತಿ ಮಾಡಿಕೊಂಡು ಮಲಗಿದ. ನಮ್ಮ ಕ್ಯಾಪ್ಟನ್ ಸಗಾಯರಾಣಿ ಯೋಚನೆಯನ್ನೇ ಮಾಡಲಿಲ್ಲ. “ಏ ರೀತಾ, ಆ ಕಡೆ ಹೋಗೇ, ಪಾಪ, ಒಬ್ಬರು ಕಡಮೆ ಇದ್ದಾರೆ.” ರೀತ ಮಡಗಾಂವಿನವರ ಅಂಗಿ ತೊಟ್ಟು, ಹೋಗುತ್ತಾ ನಮ್ಮ ಗೋಲ್‌ಕೀಪರ್ ಚೌರಿಗೆ, “ಲೋ ಚೌರಿ, ನಿನ್ನ ಎಡಗಡೆ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ, ಅಗುಳಿ ಹಾಕ್ಕೋ!” ಎಂದು ಕೂಗಿದಳು. ರೆಫರಿಯೂ ನಮ್ಮ ಪಾಳ್ಯದವನೇ, ಅವನಿಗೂ ತಪ್ಪೆನಿಸಲಿಲ್ಲ. ಅವಳು ಆ ಎಡಗಡೆಯಲ್ಲೇ ಗೋಲು ಹೊಡೆದಳು. ಸೋತವರು ನಾವು, ಸೀಟಿ ಹೊಡೆದು ಕುಣಿದವರೂ ನಾವೇ.

ಲೀಗಿನ ಆಫೀಸಿನವರಿಗೆ ಅದು ಅರ್ಥವೇ ಆಗಲಿಲ್ಲ. ತನ್ನ ತಂಡಕ್ಕೇ ಗೋಲು ಹೊಡೆದವಳು ಆಟ ಮಾರಿಕೊಂಡಿರಲೇಬೇಕು ಅಂದರು. ಅವರೇನೂ ಕೆಟ್ಟವರಲ್ಲ. ಪುಸ್ತಕ ತಿರುವಿ ಹಾಕಿದರು, ಕಡಗಾಲಿನ ಮಾತು ಎಲ್ಲೂ ಸಿಗಲಿಲ್ಲ. ಪಾಳ್ಯದ ತಂಡ ಲೀಗಿನಿಂದ ಹೊರಗೆ, ರೀತ ಜೀವಮಾನವಿಡೀ ಆಟದಿಂದ ಹೊರಗೆ. ಆಗ ಅವಳಿಗೆ ಇಪ್ಪತ್ತೆರಡು. ಆಮೇಲೆ ಪರದೆ ಹೊಲಿಯುವ ಕೆಲಸಕ್ಕೆ ಬಂದಳು. ನಾನು ಹಗ್ಗದವನು, ಅವಳು ಬಟ್ಟೆಯವಳು, ದಿನಾ ಮುಖ ನೋಡಿ ನೋಡಿ ಮದುವೆಯಾಯಿತು. ಅವಳು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಆದರೆ ಪಂದ್ಯವಿದ್ದ ದಿನ ನನ್ನ ಕೈಯಲ್ಲಿ ಎರಡು ಚೊಂಬು ಕೊಟ್ಟು ಕಳಿಸುತ್ತಿದ್ದಳು. ಬಂದ ಮೇಲೆ ಯಾರು ಗೆದ್ದರೆಂದು ಕೇಳುತ್ತಿರಲಿಲ್ಲ. “ಹುಲ್ಲು ಹೇಗಿದೆ?” ಅಂತ ಕೇಳುತ್ತಿದ್ದಳು.

ನನ್ನ ಕೋರಿಕೆ ಇಷ್ಟೇ. ನೀವು ನಿಯಮ ಬರೆಯುವಾಗ, ಆಟಗಾರ ಕಡಮೆ ಬಿದ್ದ ತಂಡಕ್ಕೆ ಎದುರು ತಂಡದವರು ಒಬ್ಬರನ್ನು ಕಡ ಕೊಡಬಹುದು, ಅದು ಅಪರಾಧವಲ್ಲ ಎಂದು ಒಂದು ಸಾಲು ಸೇರಿಸಿ. ನಿಮಗೆ ಅದು ಬಳಕೆಗೆ ಬರಲಿಕ್ಕಿಲ್ಲ, ನಕ್ಕೀರಿ ಕೂಡ. ನಗುತ್ತಲೇ ಬರೆಯಿರಿ.

ಬರೆದರೆ ಏನಾಗುತ್ತದೆಂದು ನನಗೆ ಗೊತ್ತು. ರೀತ ಆಡುತ್ತಾಳೆ. ಮಡಗಾಂವಿನವರೋ ಕೊಲ್ಕತ್ತದವರೋ ಅವಳನ್ನು ಕರೆದೊಯ್ಯುತ್ತಾರೆ. ಪರದೆ ಹೊಲಿಯಲು ಅವಳು ಬರುವುದಿಲ್ಲ, ಹಗ್ಗ ಹಿಡಿದು ನಿಂತವನನ್ನು ತಿರುಗಿ ನೋಡುವ ಪುರಸೊತ್ತೂ ಅವಳಿಗಿರುವುದಿಲ್ಲ. ಈಗ ಈ ಮನೆಯಲ್ಲಿ ಅವಳಿಲ್ಲ. ಆಗ ಅವಳು ಇಲ್ಲಿಗೆ ಬಂದೇ ಇರುವುದಿಲ್ಲ. ಈ ಎರಡರಲ್ಲಿ ಯಾವುದು ಭಾರ ಎಂದು ತೂಗಿ ತೂಗಿ ಸಾಕಾಗಿದೆ, ಮಹನೀಯರೇ. ನೀವು ಬರೆದುಬಿಡಿ. ಅವಳು ಆಡಲಿ.