ನೀನು ಕಟ್ಟಿಕೊಟ್ಟ ಗಸಗಸೆ

ಅಮ್ಮಾ,

ಬೆಳಗಿನ ಜಾವ ಮೂರಕ್ಕೆ ಲಿಫ್ಟಿನ ಸದ್ದಾಯ್ತು. ಇವರೇ ಬಂದರೇನೋ ಅಂತ ದಡಬಡಿಸಿ ಎದ್ದೆ. ಬಂದದ್ದು ಪಕ್ಕದ ಮನೆಯವರು.

ನನಗೆ ನಿದ್ದೆ ಬರಲಿ ಅಂತ ನೀನು ಕಟ್ಟಿಕೊಟ್ಟ ಗಸಗಸೆ ಈ ದೇಶದಲ್ಲಿ ಮಾದಕವಸ್ತುವಂತೆ! ವಿಮಾನ ನಿಲ್ದಾಣದಲ್ಲಿ ಪೊಲೀಸರು ಅದನ್ನು ಚಿನ್ನದ ಹಾಗೆ ತೂಗಿದರು. ಚೀಲ ಮೂಸಿದ ನಾಯಿಯನ್ನು ನೋಡಿ ಪಾಪು ಕೇಕೆ ಹಾಕಿ ನಕ್ಕಳು. "ಚೀಲ ನಂದು, ಇವಳಿಗೇನೂ ಗೊತ್ತಿಲ್ಲ" ಅಂದುಬಿಟ್ಟರು ಇವರು. ಪಾಪುವಿಗೆ ಇನ್ನೂ ಎದೆಹಾಲು ಬೇಕಲ್ಲ, ಅದಕ್ಕೆ. ಈಗ ಜೈಲಿನಲ್ಲಿದ್ದಾರೆ. ನನ್ನ ಫೋನೂ ಪೊಲೀಸರ ಹತ್ತಿರವೇ ಇದೆ.

ನಾವಿಬ್ಬರೂ ಆರೋಗ್ಯ. ನಿನ್ನ ಮೇಲೆ ಕೋಪವಿಲ್ಲಮ್ಮ, ಅಳಬೇಡ. ಇಪ್ಪತ್ತನೇ ತಾರೀಖು ಬೆಳಿಗ್ಗೆ ವಿಚಾರಣೆ. ವಕೀಲರ ನಂಬರ್ ಈ ಕಾಗದದ ಅಂಚಿನಲ್ಲಿದೆ. "ಮಗಳ ನಿದ್ದೆಗೆ ಅಂತ ನಾನೇ ಕಟ್ಟಿಕೊಟ್ಟೆ" ಅಂತ ಅವರಿಗೆ ಹೇಳಿದರೆ ಸಾಕು. ದಮ್ಮಯ್ಯ, ಆ ಬೆಳಗಾಗುವುದರೊಳಗೆ ಫೋನ್ ಮಾಡಮ್ಮ.