ಕವಲುದಾರಿಯ ಬಾವುಟ

ಅತ್ತೆಯವರಿಗೆ ನಮಸ್ಕಾರ.

ನೀವು ಮಗಳ ಮನೆಗೆ ಹೊರಟಾಗ ಎದುರಿಗೆ ಕೇಳಲಾಗದ ಮಾತನ್ನು ಬರೆದು ಕೇಳುತ್ತಿದ್ದೇನೆ. ಭಾನುವಾರದ ಸೈಕಲ್ ರೇಸಿನಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಕವಲುದಾರಿಯಲ್ಲಿ ಬಾವುಟ ಹಿಡಿದು ನಿಂತಿದ್ದವರು ನೀವು. ನನಗೆ ಎಡಕ್ಕೆ ತೋರಿಸಿದಿರಿ. ನಂಬಿ ಹೋದೆ, ಆ ದಾರಿ ಯಾವುದೋ ಗೋದಾಮಿನ ಬೀಗ ಹಾಕಿದ ಗೇಟಿಗೆ ಮುಟ್ಟಿತು. ಹಿಂದೆ ಬಂದ ನಿಮ್ಮ ಮಗಳಿಗೆ ಬಲಕ್ಕೆ ತೋರಿಸಿದಿರಿ. ಅವಳು ಕಪ್ ಗೆದ್ದಳು.

"ಬಿಸಿಲಿಗೆ ಕಣ್ಣು ಕತ್ತಲೆ ಬಂತಮ್ಮ" ಎಂದಿರಿ. ಮಗಳು ಬರುವಷ್ಟರಲ್ಲಿ ಕಣ್ಣು ಸರಿಹೋಯಿತೇ?

ನಿಮ್ಮ ಮಗನನ್ನು ಕೇಳಿದೆ. "ಬಲಗಡೆ ದಾರಿಯ ಆ ಇಳಿಜಾರಲ್ಲೇ ಅಲ್ವಾ ನಾನು ಬಿದ್ದು ಕಾಲು ಮುರ್ಕೊಂಡಿದ್ದು? ಅಮ್ಮನಿಗೆ ಅದೇ ಭಯ" ಎಂದರು.

"ಹಾಗಿದ್ರೆ ಹೆತ್ತ ಮಗಳನ್ನ ಯಾಕೆ ಬಿಟ್ರು?" ಎಂದೆ. ಅವರು ಸೈಕಲ್ ಚೈನಿಗೆ ಎಣ್ಣೆ ಬಿಡತೊಡಗಿದರು.

ಅಂದಿನಿಂದ ನಿಮ್ಮ ಒಂದೊಂದು ಮಾತನ್ನೂ ಅನುಮಾನದಿಂದಲೇ ತಿರುವಿ ಹಾಕುತ್ತಿದ್ದೆ. ರೇಸಿನ ಬೆಳಿಗ್ಗೆ ನೀವು ಸುಲಿದು ಕೊಟ್ಟ ಬಾಳೆಹಣ್ಣಿನ ವಾಸನೆಗೇ ನಾನು ಬಚ್ಚಲಿಗೆ ಓಡಿದೆನಲ್ಲ, ಆಗ ನನ್ನನ್ನೇ ದಿಟ್ಟಿಸಿ ನೋಡಿ, "ಇವತ್ತು ಸೈಕಲ್ ಬೇಡಮ್ಮ" ಎಂದಿರಿ. ಮಗಳು ಗೆಲ್ಲಲಿ ಎಂದೇ ಹೇಳುತ್ತಿದ್ದೀರಿ ಅಂದುಕೊಂಡು ಇನ್ನೂ ಹಟದಿಂದ ಹೊರಟೆ.

ನಿನ್ನೆ ಡಾಕ್ಟರ್ ಹತ್ತಿರ ಹೋಗಿದ್ದೆ. ನನಗೀಗ ಎರಡು ತಿಂಗಳಂತೆ. ನನಗಿಂತ ಮೊದಲೇ ನಿಮಗೆ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಬಹುದಿತ್ತು.

ನಿಮ್ಮ ಮಗನಿಗೆ ಇನ್ನೂ ತಿಳಿಸಿಲ್ಲ. ನೀವು ಬಂದ ಮೇಲೆ ಹೇಳೋಣ. ಬೇಗ ಬನ್ನಿ, ಅಡುಗೆಮನೆಯಲ್ಲಿ ನನಗೆ ನಿಲ್ಲಲಾಗುತ್ತಿಲ್ಲ. ಬರುವಾಗ ನಾದಿನಿಯ ಶೋಕೇಸಿನಲ್ಲಿರುವ ಆ ಕಪ್ಪನ್ನೂ ತನ್ನಿ. ಅದು ನನ್ನದು.

ಇಂತಿ,
ನಿಮ್ಮ ಸೊಸೆ