ಕೈ ತೊಳೆಯಲು ಹೋದವಳಿಗೆ

ಶ್ರೀಮತಿಯವರ ಘನ ಸನ್ನಿಧಾನಕ್ಕೆ,

ನೀನು ಆ ಊರಿನ ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ, ನಿನ್ನೆ ಮೊದಲ ಸಲ ನಮ್ಮ ಚೀನೀ ಹೋಟೆಲಿಗೆ ಒಬ್ಬನೇ ಹೋಗಿದ್ದೆ. ಡಿಮ್ ಸಮ್ ಎಂಬ ಹಬೆಯ ಕಡುಬಿನ ಬುಟ್ಟಿಗಳ ಗಾಡಿ ತಳ್ಳುವ ಅಕ್ಕ ನನ್ನನ್ನು ಕಂಡವಳೇ, "ಎಲ್ರೀ ನಿಮ್ಮನೆಯವ್ರು?" ಎಂದಳು.

"ಕೈ ತೊಳ್ಕೊಳ್ಳೋಕೆ ಹೋಗಿದಾಳೆ" ಎಂದುಬಿಟ್ಟೆ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಸಾಧನೆ ಬೇಕು ಎಂಬುದು ಆಮೇಲೆ ತಿಳಿಯಿತು.

ಆಕೆ ಎರಡನೆಯ ಬಟ್ಟಲಿಗೂ ಚಹಾ ಬಗ್ಗಿಸಿದಳು. ನಿನ್ನ ಸಿಗಡಿಯ ಬುಟ್ಟಿಯನ್ನು ಕೇಳದೆಯೇ ಇಟ್ಟು, "ಆರಿಹೋಗುತ್ತೆ, ಮುಚ್ಚಿಡಿ" ಎಂದು ಅಪ್ಪಣೆ ಕೊಡಿಸಿದಳು. ನಾನು ಮುಚ್ಚಳದ ಮೇಲೆ ಕೈಯಿಟ್ಟು, ಖಜಾನೆಯ ಕಾವಲುಗಾರನಂತೆ ಕುಳಿತೆ. ಸ್ವಲ್ಪ ಹೊತ್ತಿಗೆ ಆಕೆ ಕೈ ತೊಳೆಯುವ ಕೋಣೆಗೇ ಹೋಗಿ ಇಣುಕಿ ಬಂದಳು.

"ಅಲ್ಲಿ ಯಾರೂ ಇಲ್ವಲ್ರೀ!"

ನಾನು ಚಹಾದೊಳಗೆ ಮುಖ ಹುದುಗಿಸಿದೆ. ಆಕೆ ಆರಿದ ಬುಟ್ಟಿಯನ್ನು ಒಯ್ದು ಹಬೆಯಾಡುವ ಇನ್ನೊಂದನ್ನು ತಂದಿಟ್ಟಳು. ಅದನ್ನು ಹಿಂದಿರುಗಿಸಲು ಮನಸ್ಸು ಬರಲಿಲ್ಲ. ಸಿಗಡಿಯ ವಾಸನೆಗೇ ಮೂಗು ಮುರಿಯುವ ನಿನ್ನ ಗಂಡ ಒಂದನ್ನೂ ಬಿಡದೆ ತಿಂದ.

ಅಲ್ಲಿ ನಿನ್ನ ಕೆಲಸ ಕಾಯಂ ಮಾಡುತ್ತಾರಂತೆ, ಒಪ್ಪಿಕೊಳ್ಳಲೇ ಎಂದು ಕೇಳಿದ್ದೀಯೆ. 'ಧಾರಾಳವಾಗಿ ಒಪ್ಪಿಕೋ' ಎಂದು ಬರೆಯಲು ಬೆಳಿಗ್ಗೆಯಿಂದ ಕುಳಿತಿದ್ದೇನೆ. ಪೆನ್ನು ಚೆನ್ನಾಗಿಯೇ ಇದೆ, ಬರೆಯುವವನದೇ ತಕರಾರು. ಅಷ್ಟು ದಿನ ಕಾದು ಸಿಕ್ಕಿದ ಕೆಲಸ ಬಿಡು ಎನ್ನಲು ನನಗೆ ಬಾಯಿಲ್ಲ.

ಒಪ್ಪಿಕೋ. ಆದರೆ ಆ ಊರಿನಲ್ಲಿ ಇಬ್ಬರಿಗೆ ಮೇಜು ಹಾಕುವ ಹೋಟೆಲೊಂದನ್ನು ನೋಡಿಡು. ಗಂಟುಮೂಟೆ ಕಟ್ಟಿಕೊಂಡು ನಾನೇ ಬರುತ್ತೇನೆ.

ಇಂತು ನಿನ್ನ,
ಮೇಜಿನ ಈ ಬದಿಯವನು